ಮುಂಜಾನೆಯ ತಂಡವೋ, ಮಹಡಿಯ ಚಾಪೆಯೋ: ಮಲೆನಾಡಿನಲ್ಲಿ ಯೋಗ ಆರಂಭಿಸುವವರಿಗೊಂದು ಹೋಲಿಕೆ

ಯೋಗ ಶುರು ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಯೋಗ ಒಳ್ಳೆಯದು ಎಂದು. ಶಿವಮೊಗ್ಗದಂಥ ಊರಿನಲ್ಲಿ ಇದಕ್ಕೆ ಉತ್ತರ ಕೊಡುವವರಿಗೆ ಕೊರತೆಯಿಲ್ಲ. ಗಾಂಧಿ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವ ಹಿರಿಯರಲ್ಲಿ ಒಬ್ಬರು ಸೂರ್ಯನಮಸ್ಕಾರವೊಂದೇ ಸಾಕು ಎಂದರೆ, ಇನ್ನೊಬ್ಬರು ಪ್ರಾಣಾಯಾಮವಿಲ್ಲದ ಆಸನ ಬರೀ ಕಸರತ್ತು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಉತ್ಸಾಹದಿಂದ ಶುರು ಮಾಡಿದವರು ಒಂದೆರಡು ತಿಂಗಳಲ್ಲಿ ಬಿಟ್ಟುಬಿಡುವುದು, ನಾನು ಕಂಡಮಟ್ಟಿಗೆ, ಆರಿಸಿಕೊಂಡ ಪದ್ಧತಿ ಕೆಟ್ಟದ್ದೆಂಬ ಕಾರಣಕ್ಕಲ್ಲ. ಆ ಹೊತ್ತಿನಲ್ಲಿ ಹಾಲು ಕರೆಯುವವರು ಯಾರು, ಮಕ್ಕಳ ಡಬ್ಬಿ ಕಟ್ಟುವವರು ಯಾರು ಎಂಬುದು ಮನೆಯಲ್ಲಿ ಇತ್ಯರ್ಥವಾಗದೆ ಉಳಿದ ಕಾರಣಕ್ಕೆ. ಆದ್ದರಿಂದ ಇಲ್ಲಿ ಪ್ರತಿಯೊಂದು ದಾರಿಯನ್ನೂ ಎರಡು ಬಗೆಯಲ್ಲಿ ಅಳೆದು ನೋಡಿದ್ದೇನೆ: ಅದರಿಂದ ದೇಹಕ್ಕೆ ಏನು ಸಿಗುತ್ತದೆ ಎಂಬುದು ಒಂದು, ಅದನ್ನು ಉಳಿಸಿಕೊಳ್ಳಲು ಮನೆಯವರ ಮುಂದೆ ಮತ್ತು ಶಿಕ್ಷಕರ ಮುಂದೆ ಎಷ್ಟು ಬಾಯಿಬಿಟ್ಟು ಮಾತಾಡಬೇಕಾಗುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೇ ತೂಕ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಮೊದಲು ಹೊತ್ತು ಗೊತ್ತಾಗಲಿ

ಯೋಗದ ಪುಸ್ತಕಗಳು ಬ್ರಾಹ್ಮೀ ಮುಹೂರ್ತವನ್ನು, ಅಂದರೆ ಸೂರ್ಯೋದಯಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಶುರುವಾಗುವ ಹೊತ್ತನ್ನು, ಶ್ರೇಷ್ಠವೆಂದು ಹೇಳುತ್ತವೆ. ಹೊಟ್ಟೆ ಖಾಲಿಯಿರುತ್ತದೆ, ಊರು ಇನ್ನೂ ಎದ್ದಿರುವುದಿಲ್ಲ, ಗಾಳಿ ಹಿತವಾಗಿರುತ್ತದೆ. ವಿನೋಬನಗರದಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ದಂಪತಿಗೆ ಇದು ಸರಿಯೇ. ಆದರೆ ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಆ ಹೊತ್ತು ಕೊಟ್ಟಿಗೆಯದು. ಹಿಂಡಿ ಕಲಸಿ, ಹಾಲು ಕರೆದು, ಡೈರಿಯ ವೇಳೆಗೆ ಕ್ಯಾನು ಮುಟ್ಟಿಸಿ, ಹಂಡೆ ಒಲೆಗೆ ಬೆಂಕಿ ಮಾಡಿ, ತಿಂಡಿಗೆ ಕೈ ಹಾಕುವಷ್ಟರಲ್ಲಿ ಗಂಟೆ ಏಳಾಗಿರುತ್ತದೆ. ಅಂಥ ಮನೆಯ ಹೆಂಗಸಿಗೆ ಇನ್ನೂ ಒಂದು ಗಂಟೆ ಮೊದಲೇ ಏಳಿ ಎಂದು ಉಪದೇಶಿಸಿದರೆ ಅದು ಆರೋಗ್ಯದ ಮಾತಾಗುವುದಿಲ್ಲ, ಇರುವ ನಿದ್ರೆಯನ್ನೂ ಕಸಿದುಕೊಂಡ ಹಾಗಾಗುತ್ತದೆ.

ದೇಹದ ದೃಷ್ಟಿಯಿಂದ ಹೊತ್ತಿನ ವಿಚಾರದಲ್ಲಿ ಕಟ್ಟುನಿಟ್ಟಾದ ನಿಯಮ ಒಂದೇ: ಹೊಟ್ಟೆ ತುಂಬಿರಬಾರದು. ಊಟವಾಗಿ ಮೂರು–ನಾಲ್ಕು ಗಂಟೆ, ಹಗುರವಾದ ತಿಂಡಿಯಾಗಿ ಎರಡು ಗಂಟೆ ಕಳೆದಿದ್ದರೆ ಸಾಕು. ಎಂಟಕ್ಕೆ ತಿಂಡಿ ಮುಗಿಯುವ ಮನೆಯಲ್ಲಿ ಹನ್ನೊಂದರ ಸುಮಾರಿಗೆ, ಒಂದಕ್ಕೆ ಊಟ ಮುಗಿಯುವ ಮನೆಯಲ್ಲಿ ಸಂಜೆ ಐದರಿಂದ ದೀಪ ಹಚ್ಚುವವರೆಗೆ ಹೊತ್ತು ಸಿಗುತ್ತದೆ. ಬೆಳಗ್ಗೆ ಎದ್ದಾಗ ಸೊಂಟ, ಮಂಡಿ, ಹಿಮ್ಮಡಿಗಳು ಬಿಗಿದುಕೊಂಡಿರುತ್ತವೆ. ಸಂಜೆಯ ಹೊತ್ತಿಗೆ ಓಡಾಡಿದ ಮೈ ಬೆಚ್ಚಗಾಗಿ ಸುಲಭವಾಗಿ ಬಗ್ಗುತ್ತದೆ. ನಲವತ್ತು ದಾಟಿ ಮೊದಲ ಬಾರಿಗೆ ಶುರು ಮಾಡುವವರಿಗೆ ನಾನು ಸಂಜೆಯನ್ನೇ ಸೂಚಿಸುತ್ತೇನೆ, ಮುಂಜಾನೆಯ ಅಭಿಮಾನಿಗಳು ಏನೇ ಅನ್ನಲಿ.

ಇನ್ನು ಅದನ್ನು ಮನೆಯಲ್ಲಿ ಹೇಳುವ ಬಗೆ. "ನಾನೂ ಯೋಗಕ್ಕೆ ಸೇರ್ಲಾ?" ಎಂದು ಊಟಕ್ಕೆ ಕೂತಾಗ ಎಲ್ಲರ ಮುಂದೆ ಕೇಳಿದರೆ ಒಬ್ಬೊಬ್ಬರೂ ಒಂದೊಂದು ಅಭಿಪ್ರಾಯ ಹೇಳುತ್ತಾರೆ; ದಿನವಿಡೀ ಮನೆಗೆಲಸ ಮಾಡುವವರಿಗೆ ಬೇರೆ ವ್ಯಾಯಾಮ ಯಾಕೆ ಎಂಬ ಹಳೆಯ ಮಾತೂ ಬಂದೇ ಬರುತ್ತದೆ. ಅದಕ್ಕಿಂತ ಹೊತ್ತು, ದಿನ, ಬದಲಿ ವ್ಯವಸ್ಥೆ ಮೂರನ್ನೂ ಒಟ್ಟಿಗೆ ತಿಳಿಸುವುದು ಮೇಲು: "ಅತ್ತೆ, ಸೋಮವಾರದಿಂದ ಸಂಜೆ ಐದರಿಂದ ಆರರವರೆಗೆ ನಾನು ಮಹಡಿ ಮೇಲೆ ಯೋಗ ಮಾಡ್ತೇನೆ. ಕಾಫಿ ಮಾಡಿ ಫ್ಲಾಸ್ಕಿಗೆ ಹಾಕಿಟ್ಟಿರ್ತೇನೆ. ಸಂಜೆ ಹಾಲು ಕರೆಯೋದು ಇವರು ನೋಡ್ಕೊಳ್ತಾರೆ." ಇಲ್ಲಿ ಯಾರ ಅಪ್ಪಣೆಯನ್ನೂ ಬೇಡಿಲ್ಲ, ಯಾರಿಗೂ ಎದುರಾಡಿಯೂ ಇಲ್ಲ. ಹಾಲಿನ ವಿಚಾರವನ್ನು ಗಂಡನ ಹತ್ತಿರ ಹಿಂದಿನ ದಿನವೇ ಆಡಿ ಮುಗಿಸಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅನೇಕರು "ಡಾಕ್ಟ್ರು ಹೇಳಿದಾರೆ" ಎಂಬ ಮಾತಿನ ಮರೆಯಲ್ಲಿ ಶುರು ಮಾಡುತ್ತಾರೆ. ಸೊಂಟನೋವು ಇರುವಷ್ಟು ದಿನ ಆ ಮಾತು ನಡೆಯುತ್ತದೆ. ನೋವು ಕಡಿಮೆಯಾದ ಕೂಡಲೇ "ಈಗ ಆರಾಮಿದೀಯಲ್ಲ" ಎಂದು ಅದೇ ಹೊತ್ತಿಗೆ ಬೇರೊಂದು ಕೆಲಸ ಬಂದು ಕೂರುತ್ತದೆ. "ನಂಗೆ ಬೇಕು ಅನಿಸಿದೆ, ಅದಕ್ಕೆ ಮಾಡ್ತೇನೆ" ಎಂದು ಮೊದಲ ದಿನವೇ ಹೇಳುವುದು ಕಷ್ಟವೇ ಸರಿ, ಆದರೆ ಬಾಳಿಕೆ ಬರುವುದು ಆ ಮಾತೇ. ಗಂಡಸರಿಗೆ ಈ ತೊಡಕು ಕಡಿಮೆ. ಅವರಿಗೆ ಅಡ್ಡಿಯಾಗುವುದು ಹೆಚ್ಚಾಗಿ ಅಂಗಡಿಯ ಬಾಗಿಲು ತೆರೆಯುವ ಹೊತ್ತು, ಮತ್ತು ರಾತ್ರಿ ತಡವಾಗಿ ಮಲಗುವ ಅಭ್ಯಾಸ.

ಶುಲ್ಕವಿಲ್ಲದ ತಂಡ, ಶುಲ್ಕದ ತರಗತಿ

ದೇವಸ್ಥಾನದ ಸಭಾಭವನ, ಸಮುದಾಯ ಭವನ, ಶಾಲೆಯ ಆವರಣಗಳಲ್ಲಿ ಮುಂಜಾನೆ ಉಚಿತವಾಗಿ ಯೋಗ ಕಲಿಸುವ ತಂಡಗಳಿವೆ. ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯು ರಾಜ್ಯದ ಹಲವು ಊರುಗಳಲ್ಲಿ ಇಂಥ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ಈ ಸೀಮೆಗೆ ಇದು ಹೊಸತೇನಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರು ಊರೂರಿನಲ್ಲಿ ಶಿಬಿರ ನಡೆಸಿ ಯೋಗಾಸನ, ವ್ಯಾಯಾಮಗಳನ್ನು ಜನಸಾಮಾನ್ಯರಿಗೆ ಕಲಿಸಿದವರು. ಹಣವಿದ್ದವರಿಗಷ್ಟೇ ಯೋಗ ಎಂಬ ಭಾವನೆ ಇಲ್ಲಿ ಬೇರೂರದಿರುವುದಕ್ಕೆ ಅಂಥವರ ದುಡಿಮೆಯೂ ಕಾರಣ.

ತಂಡದ ದೊಡ್ಡ ಲಾಭವೆಂದರೆ ಜೊತೆ. ಎರಡು ದಿನ ಹೋಗದಿದ್ದರೆ ಮೂರನೆಯ ದಿನ ಹಾಲಿನ ಬೂತಿನ ಹತ್ತಿರ ಯಾರಾದರೂ "ಏನ್ರೀ, ಹುಷಾರಿಲ್ವಾ?" ಎಂದು ಕೇಳುತ್ತಾರೆ, ಆ ಮುಜುಗರಕ್ಕಾದರೂ ನಾಲ್ಕನೆಯ ದಿನ ಕಾಲು ಅತ್ತ ಹೋಗುತ್ತದೆ. ಕೊರತೆಯೂ ಅದೇ ಜೊತೆಯಿಂದಲೇ ಹುಟ್ಟುವಂಥದ್ದು. ನಲವತ್ತು ಜನರ ಮುಂದೆ ನಿಂತು ಎಣಿಕೆ ಹೇಳುವ ಶಿಕ್ಷಕರಿಗೆ ಹಿಂದಿನ ಸಾಲಿನವರ ಮಂಡಿ ಒಳಗೆ ವಾಲುತ್ತಿರುವುದು ಕಾಣುವುದಿಲ್ಲ. ಎಲ್ಲರೂ ಪಾದಹಸ್ತಾಸನದಲ್ಲಿ ನೆಲ ಮುಟ್ಟಿರುವಾಗ ನಿಮ್ಮ ಕೈ ಮೊಣಕಾಲಿನ ಬಳಿಯೇ ನಿಂತಿದ್ದರೆ, ಪಕ್ಕದವರನ್ನು ನೋಡಿ ಇನ್ನಷ್ಟು ಬಗ್ಗುವ ಆಸೆ ಬರುತ್ತದೆ. ಬೆನ್ನು ಹಿಡಿದುಕೊಳ್ಳುವುದು ಅಲ್ಲಿಯೇ. ತಂಡಕ್ಕೆ ಸೇರುವವರು ತಮ್ಮ ದೇಹ ನಿಂತಲ್ಲಿ ತಾವೂ ನಿಲ್ಲುವ ಗಟ್ಟಿತನವನ್ನು ಮೊದಲು ಅಭ್ಯಾಸ ಮಾಡಬೇಕಾಗುತ್ತದೆ. ಇದರ ಜೊತೆಗೆ ಐದು ಗಂಟೆಯ ಕತ್ತಲಲ್ಲಿ ರಸ್ತೆಯ ನಾಯಿಗಳನ್ನು ದಾಟಿಕೊಂಡು ಹೋಗಬೇಕಾದ ಹೆಂಗಸರಿಗೆ ಪಕ್ಕದ ಮನೆಯವರೊಬ್ಬರ ಜೊತೆ ಸಿಗುತ್ತದೆಯೇ ಎಂಬುದೂ ನಿರ್ಧಾರದಲ್ಲಿ ಸೇರಬೇಕು. ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಪೇಟೆಗೆ ಬರಬೇಕಾದವರಿಗಂತೂ ಈ ತಂಡ ಎಟುಕುವುದೇ ಇಲ್ಲ.

ಶುಲ್ಕ ಕೊಟ್ಟು ಸೇರುವ ಸಣ್ಣ ತರಗತಿಯಲ್ಲಿ ಹತ್ತು–ಹನ್ನೆರಡು ಜನರಿದ್ದರೆ ಶಿಕ್ಷಕರ ಕಣ್ಣು ಎಲ್ಲರ ಮೇಲೂ ಇರುತ್ತದೆ. ಮೂವತ್ತು ಜನರಿದ್ದರೆ ಅದು ಹಣ ಕೊಟ್ಟು ಸೇರಿದ ತಂಡ, ಅಷ್ಟೇ. ಶಿಕ್ಷಕರ ಅರ್ಹತೆ ವಿಚಾರಿಸುವುದರಲ್ಲಿ ಸಂಕೋಚ ಬೇಡ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಬಿಎನ್‌ವೈಎಸ್ ಓದಿದವರು ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ವೈದ್ಯರು. ವಿಶ್ವವಿದ್ಯಾಲಯದ ಡಿಪ್ಲೊಮಾ ಮಾಡಿದವರಿದ್ದಾರೆ. ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ ಪಾಸಾದವರಿದ್ದಾರೆ. ಯಾವ ಪ್ರಮಾಣಪತ್ರವೂ ಇಲ್ಲದೆ ಮೂವತ್ತು ವರ್ಷದಿಂದ ಚೆನ್ನಾಗಿ ಕಲಿಸುತ್ತಿರುವವರೂ ಇದ್ದಾರೆ. ನನ್ನ ಪರೀಕ್ಷೆ ಸರಳವಾದದ್ದು. ಮೊದಲ ದಿನ ಚಾಪೆ ಹಾಸುವ ಮುಂಚೆ ಬಿಪಿ, ಶಸ್ತ್ರಚಿಕಿತ್ಸೆ, ಹೆರಿಗೆ, ಮಂಡಿನೋವು ಇವುಗಳ ಬಗ್ಗೆ ವಿಚಾರಿಸುವ ಶಿಕ್ಷಕರು ನಂಬಿಕೆಗೆ ಅರ್ಹರು. ಏನನ್ನೂ ಕೇಳದೆ ಸೂರ್ಯನಮಸ್ಕಾರ ಶುರು ಮಾಡಿಸುವವರಲ್ಲಿಗೆ ಎರಡನೆಯ ದಿನ ಹೋಗಬೇಕಿಲ್ಲ. ಮೂರು ತಿಂಗಳ ಶುಲ್ಕ ಮುಂಗಡ ಕೊಡಿ ಎಂದವರಿಗೆ "ಒಂದು ತರಗತಿ ನೋಡಿ ಆಮೇಲೆ ಹೇಳ್ತೇನೆ" ಎನ್ನುವುದು ಒರಟುತನವೇನೂ ಅಲ್ಲ.

ಶುಲ್ಕಕ್ಕೆ ಇನ್ನೊಂದು ಉಪಯೋಗವಿದೆ, ಹೇಳಲು ಸ್ವಲ್ಪ ಬೇಸರವಾದರೂ ನಿಜ: ದುಡ್ಡು ಕಟ್ಟಿದ ತರಗತಿಗೆ ಮನೆಯವರು ಅಡ್ಡ ಬರುವುದು ಕಡಿಮೆ. ಉಚಿತ ತಂಡವನ್ನು ಇವತ್ತೊಂದು ದಿನ ಬಿಡು ಎನ್ನುವವರೇ, ಹಣ ಕಟ್ಟಿದ್ದರೆ ಹೊತ್ತಾಯಿತು ಹೊರಡು ಎನ್ನುತ್ತಾರೆ.

ಮನೆಯ ಮಹಡಿ ಮತ್ತು ಮೊಬೈಲು

ಹೊಸನಗರ, ಸೊರಬದ ಒಳ ಊರುಗಳಲ್ಲಿರುವವರಿಗೆ ವಾಸ್ತವದಲ್ಲಿ ಇರುವ ದಾರಿ ಇದೊಂದೇ. ಖರ್ಚಿಲ್ಲ, ಬಸ್ಸಿಲ್ಲ, ಉಡುಪಿನ ಚಿಂತೆಯಿಲ್ಲ. ಆದರೆ ಮೊಬೈಲು ನಿಮ್ಮನ್ನು ನೋಡುವುದಿಲ್ಲ, ನೀವೇ ಅದನ್ನು ನೋಡಬೇಕು. ತ್ರಿಕೋನಾಸನದಲ್ಲಿ ಒಂದು ಕೈ ನೆಲಕ್ಕೂ ಇನ್ನೊಂದು ಮುಗಿಲಿಗೂ ಚಾಚಿರುವಾಗ ಪರದೆಯ ಕಡೆಗೆ ಕತ್ತು ತಿರುಗಿಸಿದರೆ ಆಸನವೂ ಕೆಡುತ್ತದೆ, ಕತ್ತೂ ಉಳುಕುತ್ತದೆ. ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರಿನಲ್ಲಿ ನೇರ ಪ್ರಸಾರದ ತರಗತಿಗೆ ಸೇರಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಮುಗಿಯಿತು.

ಆದ್ದರಿಂದ ಒಂದು ಕ್ರಮವನ್ನು ಬಾಯಿಪಾಠ ಮಾಡಿಕೊಂಡು ಮೊಬೈಲನ್ನು ಬದಿಗಿಡುವುದು ಈ ದಾರಿಯ ಗುಟ್ಟು. ವಿಶ್ವಸಂಸ್ಥೆ 2014ರ ಡಿಸೆಂಬರಿನಲ್ಲಿ ಜೂನ್ 21ನ್ನು ಅಂತಾರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿದ ಮೇಲೆ, 2015ರ ಮೊದಲ ಆಚರಣೆಯಿಂದಲೂ ಆಯುಷ್ ಸಚಿವಾಲಯದ ಸಾಮಾನ್ಯ ಯೋಗ ಶಿಷ್ಟಾಚಾರವೆಂಬ, ಈಗ 45 ನಿಮಿಷದ್ದಾಗಿರುವ ಕ್ರಮ ಬಳಕೆಯಲ್ಲಿದೆ. ಕತ್ತು, ಭುಜ, ಸೊಂಟ, ಮಂಡಿಗಳನ್ನು ಸಡಿಲಗೊಳಿಸುವ ಚಲನೆಗಳಿಂದ ಶುರುವಾಗಿ, ತಾಡಾಸನ, ವೃಕ್ಷಾಸನದಂಥ ನಿಂತು ಮಾಡುವವು, ಭದ್ರಾಸನ, ವಕ್ರಾಸನದಂಥ ಕೂತು ಮಾಡುವವು, ಭುಜಂಗಾಸನ, ಶಲಭಾಸನ, ಸೇತುಬಂಧಾಸನದಂಥ ಮಲಗಿ ಮಾಡುವವು, ಕೊನೆಗೆ ಶವಾಸನ, ಪ್ರಾಣಾಯಾಮ, ಧ್ಯಾನ ಹೀಗೆ ಅದು ಸಾಗುತ್ತದೆ. ಶೀರ್ಷಾಸನ, ಸರ್ವಾಂಗಾಸನಗಳು ಅದರಲ್ಲಿಲ್ಲ, ಹಾಗಾಗಿ ಶಿಕ್ಷಕರಿಲ್ಲದವರಿಗೆ ಅಪಾಯ ಕಡಿಮೆ. ಅದರಲ್ಲಿ ಬರುವ ಕಪಾಲಭಾತಿಯನ್ನು, ಅಂದರೆ ರಭಸದಿಂದ ಉಸಿರು ಹೊರಹಾಕುವ ಕ್ರಿಯೆಯನ್ನು, ಮಾತ್ರ ಒಬ್ಬರ ಎದುರು ಕಲಿಯುವವರೆಗೆ ಬಿಟ್ಟುಬಿಡುವುದು ಒಳ್ಳೆಯದು.

ಮನೆಯಲ್ಲಿ ಮಾಡುವವರಿಗೆ ಮಾತಿನ ಗಟ್ಟಿತನ ಎಲ್ಲರಿಗಿಂತ ಹೆಚ್ಚು ಬೇಕು. ಹೊರಗೆ ಹೋದವರನ್ನು ಯಾರೂ ಕರೆಯುವುದಿಲ್ಲ; ಮಹಡಿಯ ಮೇಲಿರುವವರನ್ನು ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳುವುದಕ್ಕೂ ಕರೆಯುತ್ತಾರೆ. ಜಗುಲಿಯಲ್ಲಿ ಚಾಪೆ ಹಾಸಿದರೆ ಬಂದವರೆಲ್ಲ ಮಾತಾಡಿಸುತ್ತಾರೆ. ಆದ್ದರಿಂದ ಬಾಗಿಲಿರುವ ಕೋಣೆಯೇ ಆಗಬೇಕು, ಬಾಗಿಲು ಹಾಕಿಯೇ ಇರಬೇಕು. ಮೊದಲ ವಾರದಲ್ಲಿ ಯಾರಾದರೂ ಕರೆದರೆ "ಆರು ಗಂಟೆಗೆ ಬರ್ತೇನೆ" ಎಂಬ ಒಂದೇ ಉತ್ತರ ಕೊಡಬೇಕು. ಆ ವಾರ ಎದ್ದು ಹೋದವರು ಮುಂದೆಯೂ ಎದ್ದು ಹೋಗುತ್ತಲೇ ಇರಬೇಕಾಗುತ್ತದೆ.

ಧರ್ಮಸ್ಥಳದ ಶಾಂತಿವನದಂಥ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಕೆಲವು ದಿನ ಉಳಿದು ಕಲಿಯುವುದು ಇನ್ನೊಂದು ದಾರಿ. ಊಟ, ನಿದ್ರೆ, ಅಭ್ಯಾಸ ಎಲ್ಲವನ್ನೂ ಬೇರೆಯವರು ಹೊಂದಿಸಿಕೊಡುವುದರಿಂದ ಶುರುವಿಗೆ ಬಲ ಬರುತ್ತದೆ. ಆದರೆ ಮರಳಿ ಬರುವುದು ಅದೇ ಮನೆಗೆ, ಅದೇ ಹೊತ್ತುಗೊತ್ತಿಗೆ. ಮೇಲೆ ಹೇಳಿದ ಮಾತುಕತೆ ಆಗದಿದ್ದರೆ ಅಲ್ಲಿ ಕಲಿತದ್ದು ಹಬ್ಬ ಬರುವಷ್ಟರಲ್ಲಿ ಮರೆಯುತ್ತದೆ.

ಪದ್ಧತಿಗಳ ಮಾತು

ಜಗತ್ತು ಇಂದು ಕಲಿಯುತ್ತಿರುವ ಆಸನ ಪದ್ಧತಿಗಳಲ್ಲಿ ಎರಡು ದೊಡ್ಡವು ನಮ್ಮ ಮೈಸೂರಿನಿಂದಲೇ ಹೊರಟವು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರಲ್ಲಿ ಒಬ್ಬರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್, ಇನ್ನೊಬ್ಬರು ಹಾಸನದ ಬಳಿಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸ್. ಅಯ್ಯಂಗಾರ್ ಪದ್ಧತಿಯಲ್ಲಿ ಒಂದು ಆಸನದಲ್ಲಿ ಹೆಚ್ಚು ಹೊತ್ತು ನಿಂತು ನಿಲುವನ್ನು ತಿದ್ದಿಕೊಳ್ಳುತ್ತಾರೆ. ಕೈ ನೆಲಕ್ಕೆ ಎಟುಕದಿದ್ದರೆ ಮರದ ಇಟ್ಟಿಗೆ, ಕಾಲು ಎಟುಕದಿದ್ದರೆ ಪಟ್ಟಿ, ಕೂರಲಾಗದಿದ್ದರೆ ಕುರ್ಚಿ. ಜೋಯಿಸರ ಅಷ್ಟಾಂಗ ವಿನ್ಯಾಸದಲ್ಲಿ ಉಸಿರಿನ ಎಣಿಕೆಗೆ ಕಟ್ಟಿದ ಗೊತ್ತಾದ ಸರಣಿ ನಿಲ್ಲದೆ ಸಾಗುತ್ತದೆ, ಬೆವರು ಚೆನ್ನಾಗಿ ಇಳಿಯುತ್ತದೆ. ಇಪ್ಪತ್ತೈದರ ಆಟಗಾರನಿಗೆ ಎರಡನೆಯದು ಹಿಡಿಸಬಹುದು. ಐವತ್ತರ ಬಿಗಿದ ಸೊಂಟಕ್ಕೆ ಮೊದಲನೆಯದೇ ಸರಿ. ನಮ್ಮ ಊರುಗಳ ತರಗತಿಗಳಲ್ಲಿ ಸಿಗುವುದು ಹೆಚ್ಚಾಗಿ ಹೆಸರಿಲ್ಲದ ಮಿಶ್ರಣ. ಅದರಿಂದ ನಷ್ಟವೇನಿಲ್ಲ.

ಪದ್ಧತಿಗಿಂತ ಮುಖ್ಯವಾಗಿ ನೋಡಬೇಕಾದದ್ದು ನಿಮ್ಮ ದಿನದ ಕೆಲಸ ನಿಮ್ಮ ದೇಹವನ್ನು ಯಾವ ಕಡೆಗೆ ಬಗ್ಗಿಸಿದೆ ಎಂಬುದನ್ನು. ಕೊಯ್ಲಿನ ದಿನಗಳಲ್ಲಿ ಹಸಿ ಅಡಿಕೆ ಸುಲಿಯುವ ಹೆಂಗಸರನ್ನು ಗಮನಿಸಿ. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಅದುಮಿ ಹಿಡಿದು, ನೆಟ್ಟಗೆ ನಿಂತ ಅಲಗಿಗೆ ಕಾಯನ್ನು ಒತ್ತಿ, ಸಿಪ್ಪೆ ಬಿಡಿಸಿ ಬುಟ್ಟಿಗೆ ಹಾಕುವ ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ. ಕತ್ತು ಬಾಗಿ, ಭುಜಗಳು ಮುಂದಕ್ಕೆ ಬಂದು, ಬೆನ್ನು ಕಮಾನಾಗಿ, ರಾತ್ರಿ ಹತ್ತರವರೆಗೂ ಅದೇ ಭಂಗಿ. ಇಂಥವರಿಗೆ ಪಶ್ಚಿಮೋತ್ತಾನಾಸನ ಮಾಡಿಸಿದರೆ ದಿನವಿಡೀ ಬಾಗಿದ ಬೆನ್ನನ್ನು ಮತ್ತೆ ಬಗ್ಗಿಸಿದಂತಾಗುತ್ತದೆ. ಅವರಿಗೆ ಬೇಕಾದದ್ದು ತಾಡಾಸನ, ಅರ್ಧಚಕ್ರಾಸನ, ಭುಜಂಗಾಸನ, ಸೇತುಬಂಧಾಸನದಂಥ ಎದೆಯನ್ನು ತೆರೆಯುವ ಆಸನಗಳು. ಗದ್ದೆ ನಾಟಿಯವರದ್ದೂ ಇದೇ ಲೆಕ್ಕ. ಗಾಂಧಿ ಬಜಾರಿನ ಅಂಗಡಿಯಲ್ಲಿ ದಿನವಿಡೀ ಕೂತಿರುವವರಿಗೆ ನಿಂತು ಮಾಡುವ ಆಸನಗಳು, ತೊಡೆಯ ಸಂದನ್ನು ಸಡಿಲಿಸುವ ಭದ್ರಾಸನ ಹೆಚ್ಚು ಬೇಕು. ಇನ್ನು ದೋಟಿ ಹಿಡಿದು ಮರದಿಂದ ಮರಕ್ಕೆ ಹಾಯುತ್ತ ಅಡಿಕೆ ಗೊನೆ ಇಳಿಸುವ ಕೊನೆಗಾರನಿಗೆ ಸೂರ್ಯನಮಸ್ಕಾರ ಹೇಳಿಕೊಡುವ ಸಾಹಸ ಯಾರಿಗೂ ಬೇಡ. ಅವನಿಗೆ ಶವಾಸನ ಸಾಕು.

ಒಂದು ಮಾತು: ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಧಾನವಾಗಿ ಮಾಡುವ ಆಸನಗಳಿಂದ ಆ ಮಟ್ಟದ ಶ್ರಮ ಆಗುವುದಿಲ್ಲ. ದಿನವೂ ದರೆ ಹತ್ತಿ ತೋಟಕ್ಕಿಳಿಯುವವರಿಗೆ ಚಿಂತೆಯಿಲ್ಲ, ಪೇಟೆಯವರು ಯೋಗದ ಜೊತೆಗೆ ಚುರುಕಾದ ನಡಿಗೆಯನ್ನೂ ಇಟ್ಟುಕೊಳ್ಳಬೇಕು.

ಬೇಡ ಎನ್ನಬೇಕಾದ ಕಡೆ

ಗುರುಗಳ ಮುಂದೆ ಬೇಡ ಎನ್ನುವುದು ಅತ್ತೆಯ ಮುಂದೆ ಹೇಳುವುದಕ್ಕಿಂತ ಕಷ್ಟ ಎನ್ನುವವರಿದ್ದಾರೆ. ಆದರೆ ಇಲ್ಲಿ ಸುಮ್ಮನಿದ್ದರೆ ಪೆಟ್ಟು ಬೀಳುವುದು ದೇಹಕ್ಕೆ. ಹತೋಟಿಗೆ ಬಾರದ ರಕ್ತದೊತ್ತಡವಿರುವವರು ತಲೆ ಕೆಳಗಾಗುವ ಆಸನಗಳನ್ನೂ ಉಸಿರು ಬಿಗಿಹಿಡಿಯುವುದನ್ನೂ ಮಾಡಬಾರದು. ಗ್ಲಾಕೋಮಾ ಇರುವವರಿಗೆ ತಲೆ ಕೆಳಗಾದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಹರ್ನಿಯಾ, ಇತ್ತೀಚಿನ ಹೊಟ್ಟೆಯ ಶಸ್ತ್ರಚಿಕಿತ್ಸೆ, ಗರ್ಭಕೋಶ ಜಾರಿದ ತೊಂದರೆ ಇರುವವರಿಗೆ ಕಪಾಲಭಾತಿ ಸಲ್ಲದು. ಬಸುರಿಯರು ಹೊಟ್ಟೆ ಮೇಲೆ ಮಲಗುವ ಆಸನಗಳನ್ನು ಬಿಟ್ಟು, ಪ್ರಸೂತಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮೂಳೆ ಸವೆದ ಹಿರಿಯರು ಜೋರಾಗಿ ಮುಂದೆ ಬಗ್ಗಿದರೆ ಬೆನ್ನೆಲುಬಿನ ಮಣಿ ಬಿರುಕು ಬಿಡುವ ಸಂಭವವಿದೆ. ಇವುಗಳಲ್ಲಿ ಕೆಲವನ್ನು ಗಂಡಸು ಶಿಕ್ಷಕರ ಎದುರು ಹೇಳಿಕೊಳ್ಳಲು ನಾಚಿಕೆಯಾದರೆ, ಶಿಕ್ಷಕಿಯಿರುವ ತರಗತಿಯನ್ನೇ ಆರಿಸಿಕೊಳ್ಳುವುದಕ್ಕೆ ಅಷ್ಟೇ ಕಾರಣ ಸಾಕು.

ಮುಟ್ಟಿ ತಿದ್ದುವುದರ ವಿಚಾರವೂ ಹೀಗೆಯೇ. "ಸರ್, ಬಾಯಲ್ಲೇ ಹೇಳಿ, ಮಾಡ್ತೇನೆ" ಅಥವಾ "ಮೇಡಂ, ಈ ಮಂಡಿ ಇಷ್ಟೇ ಬಗ್ಗೋದು, ಒತ್ತಬೇಡಿ" ಎಂದಾಗ ಒಪ್ಪಿ ಮುಂದೆ ಹೋಗುವವರು ಒಳ್ಳೆಯ ಶಿಕ್ಷಕರು. ಬೇಸರಿಸಿಕೊಳ್ಳುವವರನ್ನು ಬಿಟ್ಟು ಬೇರೆಡೆ ನೋಡಿಕೊಳ್ಳಿ. ಬಿಪಿ ಮಾತ್ರೆ, ಶುಗರ್ ಮಾತ್ರೆ ನಿಲ್ಲಿಸಿ ಎನ್ನುವವರ ತರಗತಿಯಿಂದ ಆ ದಿನವೇ ಹೊರಬರಬೇಕು. ಯೋಗಕ್ಕೆ ಅದರದ್ದೇ ಆದ ನೆಲೆಯಿದೆ. ಹಳೆಯ ಸೊಂಟನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಯೋಗವನ್ನೂ ಅಮೆರಿಕದ ವೈದ್ಯರ ಪ್ರಮುಖ ಸಂಸ್ಥೆಯೊಂದು 2017ರ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿದೆ. ಅಷ್ಟನ್ನು ಅಷ್ಟೇ ಎಂದು ಹೇಳುವವರ ಹತ್ತಿರ ಕಲಿಯುವುದು ಕ್ಷೇಮ.

ಕಾಲ ಮತ್ತು ಚಾಪೆ

ದೇಶವೆಲ್ಲ ಜೂನ್ 21ರಂದು ಯೋಗ ಶುರು ಮಾಡುತ್ತದೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಆಸುಪಾಸಿನವರಿಗೆ ಅದಕ್ಕಿಂತ ಕೆಟ್ಟ ಮುಹೂರ್ತ ಸಿಗಲಾರದು: ಮಳೆ ಹಿಡಿದಿರುತ್ತದೆ, ಸಸಿ ಮಡಿ ಕಾಯುತ್ತಿರುತ್ತದೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿ ಇರುತ್ತದೆ. ದೀಪಾವಳಿಯ ನಂತರ ಎಂದರೆ ಅಡಿಕೆ ಕೊಯ್ಲು. ತೋಟದ ಮನೆಯವರಿಗೆ ಕೊಯ್ಲು, ಸುಲಿತ ಮುಗಿದ ಮೇಲಿನ ಮಾಘ, ಫಾಲ್ಗುಣಗಳೇ ಅನುಕೂಲ. ಮಳೆ ಹಿಡಿಯುವುದರೊಳಗೆ ಮೂರು ತಿಂಗಳ ರೂಢಿ ಕೈಯಲ್ಲಿರುತ್ತದೆ. ಪೇಟೆಯವರಿಗೆ ಈ ಲೆಕ್ಕ ಬೇಕಿಲ್ಲ.

ಹಾಸುವುದಕ್ಕೆ ಏನು ಎಂಬ ಪ್ರಶ್ನೆಗೂ ಮಳೆಯೇ ಉತ್ತರ ಹೇಳುತ್ತದೆ. ಈಚಲು ಚಾಪೆ ನಯವಾದ ಕಾವಿ ನೆಲದ ಮೇಲೆ ಜಾರುತ್ತದೆ, ಕಾಲಗಲಿಸಿ ನಿಲ್ಲುವ ತ್ರಿಕೋನಾಸನಕ್ಕೆ ಅದು ಬೇಡ. ಮಲಗಿ ಮಾಡುವವುಗಳಿಗೆ ಅಡ್ಡಿಯಿಲ್ಲ. ಜಮಖಾನ ಬೇಸಿಗೆಯಲ್ಲಿ ಹಿತವಾದರೂ ಆಷಾಢದಲ್ಲಿ ಒದ್ದೆಯಾದರೆ ವಾರವಾದರೂ ಒಣಗುವುದಿಲ್ಲ. ರಬ್ಬರಿನ ಯೋಗ ಮ್ಯಾಟು ಜಾರದು, ನೆಲ ಬೆವರುವ ದಿನಗಳಲ್ಲಿ ತಂಡಿಯನ್ನೂ ತಡೆಯುತ್ತದೆ. ಆದರೆ ಸುತ್ತಿ ಮೂಲೆಯಲ್ಲಿಟ್ಟರೆ ಹದಿನೈದು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಅಭ್ಯಾಸ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಸುತ್ತದೆ, ಗಾಳಿಯಾಡುವ ಕಡೆ ಹಗ್ಗದ ಮೇಲೆ ಹಾಕಿಡಬೇಕು.